ಕೊರಳಿಲ್ಲದ ಮೂರ್ತಿ

ಹೊಳೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು. ಕಲ್ಲು ಕೆತ್ತುವ ಗುರು, ಹೆಸರು ನಾಗಲಿಂಗಾಚಾರ್ಯರು. ಅವರ ಆಶ್ರಮವೆಂದರೆ ಒಂದು ಬೇವಿನ ಮರ, ಅದರ ಕೆಳಗೊಂದು ಗರಿಯ ಚಪ್ಪರ, ಚಪ್ಪರದ ತುಂಬ ಕಲ್ಲಚಕ್ಕೆ. ಬರಿಗಾಲಲ್ಲಿ ಒಳಗೆ ಹೋದವರು ಕುಂಟದೆ ಹೊರಗೆ ಬಂದದ್ದಿಲ್ಲ.

ಅವರಿಗೆ ಒಬ್ಬನೇ ಶಿಷ್ಯ, ಮೌನೇಶ. ಹೆಸರಿಟ್ಟವರು ಏನೋ ಆಸೆಯಿಂದ ಇಟ್ಟಿದ್ದರು. ಅವನು ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಕೈ ಚೆನ್ನಾಗಿತ್ತು. ಅದು ಗುರುಗಳಿಗೆ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ.

ಆ ಚಪ್ಪರದಲ್ಲಿ ಒಂದು ಪದ್ಧತಿ ಇತ್ತು. ಉಳಿ, ಸುತ್ತಿಗೆ ಎಲ್ಲ ಗುರುಗಳ ತೊಗಲಿನ ಚೀಲದಲ್ಲಿ ಇರುತ್ತಿದ್ದವು. ಬೆಳಿಗ್ಗೆ ಅವರೇ ತೆಗೆದು ಶಿಷ್ಯನಿಗೆ ಕೊಡುತ್ತಿದ್ದರು, ಸಂಜೆ ಅವರೇ ತಿರುಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಆ ಚೀಲ ಶಿಷ್ಯನ ಕೈಗೆ ಬಂದ ದಿನ ಅವನು ಶಿಲ್ಪಿ. ಅಲ್ಲಿಯವರೆಗೆ ಅವನು ಏನೇ ಕೆತ್ತಲಿ, ಅದು ಗುರುವಿನ ಕೆಲಸ. ನಾಗಲಿಂಗಾಚಾರ್ಯರಿಗೂ ಆ ಚೀಲ ಅವರ ಗುರುಗಳಿಂದ ಹಾಗೆಯೇ ಬಂದಿತ್ತು.

ಉಳಿ ಹದ ಹಾಕಿಸಲು ಕಮ್ಮಾರನ ಹತ್ತಿರ ಹೋಗುವಾಗ ಗುರುಗಳು ಆ ಚೀಲವನ್ನು ತಾವೇ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಮುಪ್ಪಿನ ಕುತ್ತಿಗೆ ನಡುಗುತ್ತಿತ್ತು.

"ಕೊಡ್ರಿ ಗುರುಗಳ, ನಾ ಹೊರ್ತೀನಿ," ಎಂದು ಮೌನೇಶ ಪ್ರತಿ ಸಲವೂ ಕೈ ಚಾಚುತ್ತಿದ್ದ.

"ನಿನ್ನ ತಲಿ ಇನ್ನೂ ಅಷ್ಟು ಎತ್ತರ ಬಂದಿಲ್ಲ, ತಮ್ಮಾ."

ಮೌನೇಶ ಗುರುಗಳಿಗಿಂತ ಒಂದು ಗೇಣು ಎತ್ತರ ಇದ್ದ. ಈ ಮಾತು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಮುಂದಿನ ಸಲ ಮತ್ತೆ ಕೈ ಚಾಚುತ್ತಿದ್ದ.

ಒಂದು ಮಳೆಗಾಲದಲ್ಲಿ ಹೊಳೆ ಏರಿ ಊರಿನ ಒಡ್ಡು ಬಿರಿಯಿತು. ಯಾರೂ ಡಂಗುರ ಸಾರಲಿಲ್ಲ, ಯಾರೂ ಕರೆಯಲಿಲ್ಲ. ಜನ ಕೈಗೆ ಸಿಕ್ಕ ಬುಟ್ಟಿ, ಬಕೆಟ್ಟು, ಗೊಬ್ಬರದ ಚೀಲ ಹಿಡಿದು ತಾವಾಗಿಯೇ ಓಡಿದರು. ಮೇಲಿನ ಓಣಿಯವರು, ಕೆಳಗಿನ ಓಣಿಯವರು ಎಂಬ ಭೇದವಿಲ್ಲದೆ ಸುರಿಯುವ ಮಳೆಯಲ್ಲಿ ಮಣ್ಣು ಹೊತ್ತು ಬಿರುಕು ಮುಚ್ಚಿದರು. ಊರು ಉಳಿಯಿತು.

ಬೇಸಿಗೆಯಲ್ಲಿ ಊರವರು ಸೇರಿ ಮಾತಾಡಿಕೊಂಡರು. ಅಂಥ ಜನರ ನೆನಪಿಗೆ ಒಂದು ಮೂರ್ತಿ ಬೇಕು, ಒಡ್ಡಿಗೆ ಹೋಗುವ ದಾರಿಯಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಪಂಚಾಯಿತಿ ಅಧ್ಯಕ್ಷರಾದ ಮೇಲಿನ ಓಣಿಯ ಬಾಪುಗೌಡರು ಚಪ್ಪರಕ್ಕೆ ಬಂದು ಗುರುಗಳಿಗೆ ಕೈ ಮುಗಿದರು.

"ಅಜ್ಜಾರ, ನೀವೇ ಮಾಡಿಕೊಡ್ಬೇಕು."

ಗುರುಗಳು ಮೌನೇಶನ ಕಡೆ ನೋಡಿದರು.

"ಇದು ನಿಂದು," ಎಂದರು.

ಆ ದಿನ ಮೌನೇಶನಿಗೆ ಊಟ ಸೇರಲಿಲ್ಲ. ತೊಗಲಿನ ಚೀಲ ತನ್ನ ಹೆಗಲಿಗೆ ಬಂದ ಹಾಗೆಯೇ ಅನ್ನಿಸಿತು ಅವನಿಗೆ. ಅದನ್ನು ಎಲ್ಲಿ ತೂಗುಹಾಕಬೇಕೆಂದು ಗೂಟ ಕೂಡ ನೋಡಿಟ್ಟ.

ಅವನು ಕೆತ್ತಿದ್ದು ಒಬ್ಬ ಗಂಡಸನ್ನು. ಆಳಿಗಿಂತ ಒಂದು ಮೊಳ ಎತ್ತರ. ತಲೆಯ ಮೇಲೆ ಮಣ್ಣಿನ ಬುಟ್ಟಿ, ಉಬ್ಬಿದ ಎದೆ, ಒಂದು ಕೈ ಸೊಂಟದ ಮೇಲೆ, ದಪ್ಪ ಮೀಸೆ. ಹೊಳೆಯನ್ನೇ ಗದರಿಸುವವನ ಹಾಗೆ ನಿಂತಿದ್ದ.

ಬಾಪುಗೌಡರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಭಾಳ ಚಂದ ಆಗೇತಿ. ಮಾರಿ ಮಾತ್ರ ಸ್ವಲ್ಪ ನಮ್ಮ ತಮ್ಮನ ಹಂಗ ಇರ್ಲಿ. ಒಡ್ಡಿಗೆ ಮೊದಲ ಬುಟ್ಟಿ ಹಾಕಿದಾಂವ ಅವನೇ."

ಮರುದಿನ ದ್ಯಾಮವ್ವ ಬಂದಳು. ಕೆಳಗಿನ ಓಣಿಯಲ್ಲಿ ಖಾನಾವಳಿ ನಡೆಸುವ ಹೆಂಗಸು. ಒಡ್ಡು ಬಿರಿದ ದಿನ ಒಲೆಯ ಮೇಲಿನ ಬಾಣಲೆ ಇಳಿಸಿ, ಸೊಂಟಮಟ್ಟ ನೀರಿಗೆ ಇಳಿದವಳು.

"ಗೌಡ್ರ ತಮ್ಮ? ಮೊದಲ ಬುಟ್ಟಿ?" ಅವಳು ಸೊಂಟದ ಮೇಲೆ ಕೈ ಇಟ್ಟಳು. ಮೂರ್ತಿಗಿಂತ ಚೆನ್ನಾಗಿಯೇ ಇಟ್ಟಳು. "ಅಂವ ಆವಾಗ ನೀರಾಗ ಹ್ವಾದ ಚಪ್ಲಿ ಹುಡಕಾಕತ್ತಿದ್ದ! ಮೊದಲ ಬುಟ್ಟಿ ನಂದು. ಅಲ್ಲೋ ಮೌನೇಶಾ, ಅಷ್ಟು ಹೆಂಗಸರು ಮಣ್ಣು ಹೊತ್ತೀವಿ, ನಿನ್ನ ಕಣ್ಣಿಗೆ ಮೀಸಿ ಒಂದೇ ಕಂಡ್ತೇನು?"

ಮೌನೇಶನಿಗೆ ಹೌದೆನ್ನಿಸಿತು. ಮೀಸೆ ತೆಗೆದ.

ಗೌಡರ ಕಡೆಯವರು ಬಂದು ಮೀಸೆ ಎಲ್ಲಿ ಎಂದರು. ಅವರದೂ ಹೌದೆನ್ನಿಸಿತು. ಆದರೆ ಕಲ್ಲಿನಿಂದ ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಮೂಗು ಚೂಪು ಮಾಡಿ ಅವರನ್ನು ಸಮಾಧಾನ ಮಾಡಿದ. ಅಂಥ ಚೂಪು ಮೂಗು ತಮ್ಮಲ್ಲಿ ಯಾರಿಗೂ ಇಲ್ಲವೆಂದು ಊರ ನೇಕಾರರು ಬೇಜಾರು ಮಾಡಿಕೊಂಡರು. ಗಲ್ಲ ತೆಳ್ಳಗೆ ಮಾಡಿದ. ಕಿವಿ ಅಗಲವಾಯಿತೆಂದು ಯಾರೋ ನಕ್ಕರು. ಕಿವಿಯನ್ನೂ ತಿದ್ದಿದ.

ಬಂದವರಿಗೆಲ್ಲ ಹೂಂ ಅನ್ನುತ್ತ ಹೋದ. ಹೂಂ ಅಂದಾಗಲೆಲ್ಲ ಒಂದಿಷ್ಟು ಕಲ್ಲು ಉದುರಿತು. ಕೊನೆಗೆ ಅಷ್ಟು ಅಗಲ ಎದೆಯ ಮೇಲೆ ಲಿಂಬೆಹಣ್ಣಿನಂಥ ತಲೆ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬಾಪುಗೌಡರೂ ದ್ಯಾಮವ್ವನೂ ಮಾತು ಬಿಟ್ಟರು. ಅವರ ಹಿಂದೆ ಎರಡು ಓಣಿಗಳೂ ಮಾತು ಬಿಟ್ಟವು. ದ್ಯಾಮವ್ವ ಇನ್ನು ಆ ಚಪ್ಪರದ ಕಡೆ ಕಾಲಿಡುವುದಿಲ್ಲ ಎಂದು ಸಾರಿದಳು.

ಹೋದ ವರ್ಷ ಅವಸರದಲ್ಲಿ ಮುಚ್ಚಿದ ಬಿರುಕನ್ನು ಈ ಮಳೆಗೆ ಮುಂಚೆ ಗಟ್ಟಿ ಮಾಡಬೇಕಿತ್ತು. ಅದು ಎಲ್ಲರಿಗೂ ಗೊತ್ತು. ಯಾರೂ ಬುಟ್ಟಿ ಹಿಡಿದು ಹೊರಡಲಿಲ್ಲ.

"ಯಾರ ಮಾರಿ ಕೆತ್ತಾಕತ್ತಾರೋ ಅವರೇ ಹೊರ್ಲಿ ಮಣ್ಣು," ಎಂದು ಮೇಲಿನ ಓಣಿ ಕೆಳಗಿನ ಓಣಿಗೂ, ಕೆಳಗಿನ ಓಣಿ ಮೇಲಿನ ಓಣಿಗೂ ಹೇಳಿ ಕಳಿಸಿದವು.

ಪಡುವಣದಲ್ಲಿ ಮೋಡ ಕಟ್ಟಲು ಶುರುವಾಗಿತ್ತು. ಮೌನೇಶನಿಗೆ ಹೆದರಿಕೆಯಾಯಿತು. ಕೂಡಿ ಮಣ್ಣು ಹೊತ್ತವರನ್ನು ತನ್ನ ಉಳಿಯೇ ಬೇರೆ ಮಾಡಿತಲ್ಲ ಎಂದು ನಾಚಿಕೆಯೂ ಆಯಿತು. ಗುರುಗಳ ಮುಂದೆ ಹೋಗಿ ಕೂತ.

"ಗುರುಗಳ, ಯಾರ ಮಾರಿ ಮಾಡ್ಲಿ?"

ಗುರುಗಳು ಮೂಲೆಗೆ ಬೆರಳು ತೋರಿಸಿದರು. ಅಲ್ಲೊಂದು ದೊಡ್ಡ ಬಿದಿರಿನ ಬುಟ್ಟಿ, ಅದರ ತುಂಬ ಕಲ್ಲಚಕ್ಕೆ.

"ಅದನ್ನ ಒಯ್ದು ಒಡ್ಡಿನ ಬಿರುಕಿಗೆ ಹಾಕಿ ಬಾ."

"ನಾ ಮಾರಿ ಬಗ್ಗೆ ಕೇಳಿದೆ."

"ಕೇಳಿಸ್ತು."

ಮೌನೇಶ ಟವೆಲು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಬುಟ್ಟಿಗೆ ಕೈ ಹಾಕಿ ಎತ್ತಿದ. ಮೊಣಕಾಲಿನವರೆಗೆ ಬಂತು. ಎದೆಯವರೆಗೂ ಬಂತು. ಅಲ್ಲಿಂದ ಮೇಲೆ ಹೋಗಲಿಲ್ಲ. ವಾಲಿ ಬಿದ್ದು ಅರ್ಧ ಚಕ್ಕೆ ಅವನ ಪಾದದ ಮೇಲೆಯೇ ಸುರಿಯಿತು.

"ಯವ್ವಾ!" ಎಂದು ಒಂದು ಕಾಲಲ್ಲಿ ಕುಣಿದ. ಮತ್ತೆ ತುಂಬಿದ, ಮತ್ತೆ ಎತ್ತಿದ, ಮತ್ತೆ ಚೆಲ್ಲಿದ.

ಗುರುಗಳು ಬೇವಿನ ಮರಕ್ಕೆ ಒರಗಿ ನೋಡುತ್ತಿದ್ದರು.

"ಗುರುಗಳ, ಒಂಚೂರು ಕೈ ಹಚ್ರಿ."

"ನಿನ್ನ ಮೂರ್ತಿ ತಲಿ ಮ್ಯಾಲೂ ಬುಟ್ಟಿ ಐತಲ್ಲ?"

"ಐತ್ರಿ."

"ಅದಕ್ಕ ಯಾರು ಕೈ ಹಚ್ಚಿದ್ರು?"

ಮೌನೇಶ ಮೂರ್ತಿಯ ಕಡೆ ನೋಡಿದ. ಬುಟ್ಟಿಯನ್ನು ಅವನು ನೇರವಾಗಿ ತಲೆಯ ಮೇಲೆಯೇ ಕೆತ್ತಿಬಿಟ್ಟಿದ್ದ. ಅದು ನೆಲದಿಂದ ಅಲ್ಲಿಗೆ ಹೇಗೆ ಹೋಯಿತೆಂದು ಯೋಚಿಸಿರಲೇ ಇಲ್ಲ.

"ದಾರಿಗೆ ಎಳಕೊಂಡು ಹೋಗಿ ನಿಂದ್ರು," ಎಂದರು ಗುರುಗಳು. "ಯಾರರೆ ಬರ್ತಾರ."

ಬುಟ್ಟಿಯನ್ನು ದಾರಿಯವರೆಗೆ ಎಳೆದ. ನಿಂತ. ಬಹಳ ಹೊತ್ತು ಯಾರೂ ಬರಲಿಲ್ಲ. ಮಾತಾಡಲು ಯಾರೂ ಇಲ್ಲದ್ದು ಅವನಿಗೆ ಬುಟ್ಟಿಗಿಂತ ಭಾರವಾಯಿತು.

ಆಮೇಲೆ ಬೆನ್ನ ಹಿಂದೆ ಬಳೆಯ ಸದ್ದು ಕೇಳಿತು. ಎಲ್ಲಿ ದಾಟಿ ಹೋಗಿಬಿಡುತ್ತಾರೋ ಎಂಬ ಗಾಬರಿಗೆ ಅವನು ತಿರುಗಿಯೂ ನೋಡದೆ ಬುಟ್ಟಿಯ ಮೇಲೆ ಬಗ್ಗಿದ.

"ಯವ್ವಾ, ಬುಟ್ಟಿ ಎತ್ತಿಸ ಒಂಚೂರು."

ಸದ್ದು ನಿಂತಿತು. ಎದುರಿಗೆ ಎರಡು ಕೈ ಬಂದು ಬುಟ್ಟಿಯ ಅಂಚು ಹಿಡಿದವು.

"ಹೂಂ."

ಬುಟ್ಟಿ ಮೇಲೆದ್ದಿತು. ಅವನು ಕೆಳಗೆ ತಲೆ ಕೊಟ್ಟ. ಭಾರ ನೆಟ್ಟಗೆ ಕೂತಿತು. ಬಳೆಯ ಸದ್ದು ಹಿಂದಕ್ಕೆ ಹೋಯಿತು.

ಬಿರುಕಿಗೆ ಚಕ್ಕೆ ಸುರಿದು ತಿರುಗಿ ಬಂದ.

"ಯಾರು ಎತ್ತಿಸಿದ್ರು?" ಗುರುಗಳು ಕೇಳಿದರು.

"ಒಬ್ಬಾಕಿ ಅವ್ವ."

"ಯಾವ ಓಣ್ಯಾಕಿ?"

"ಗೊತ್ತಿಲ್ರಿ. ಮಾರಿ ಕಾಣಲಿಲ್ಲ. ಬುಟ್ಟಿ ಅಂಚು ಅಡ್ಡ ಬಂತು. ತಲಿಗೆ ಭಾರ ಬಂದ ಮ್ಯಾಲ ಕುತ್ತಿಗಿ ತಿರಗಲಿಲ್ಲ."

"ಮತ್ತೇನು ಕಂಡಿ?"

"ಕೈ ಕಂಡೆ."

"ಎಂಥಾ ಕೈ?"

ಮೌನೇಶ ಕಣ್ಣು ಮುಚ್ಚಿದ. ತನಗೆ ಅಷ್ಟು ಸ್ಪಷ್ಟವಾಗಿ ಕಂಡಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

"ಹಸರ ಬಳಿ. ಎಡಗೈ ಹೆಬ್ಬೆರಳ ಉಗುರು ಕಪ್ಪಾಗಿತ್ತು, ಏನೋ ಜಜ್ಜಿರ್ಬೇಕು. ಮುಂಗೈ ತುಂಬ ಎಣ್ಣಿ ಸಿಡದ ಕಲಿ. ಬುಟ್ಟಿ ಸರಿಯಾಗಿ ಕುಂತ ಮ್ಯಾಲೂ ಒಂದು ಕ್ಷಣ ಬಿಡಲಿಲ್ಲ ಆ ಕೈ. ಹಿಡಕೊಂಡೇ ಇದ್ವು."

"ಚಕ್ಕಿ ಇನ್ನೂ ಭಾಳ ಐತಿ," ಎಂದರು ಗುರುಗಳು.

ಮರುದಿನವೂ ಮೌನೇಶ ಬುಟ್ಟಿ ಎಳೆದುಕೊಂಡು ದಾರಿಗೆ ಹೋದ. ಅದರ ಮರುದಿನವೂ ಹೋದ. ಚಕ್ಕೆ ಮುಗಿದ ಮೇಲೆ ಮಣ್ಣು ತುಂಬಿದ. ಯಾರು ಬಂದರೆ ಅವರನ್ನು ಕೇಳಿದ. ಯಾವ ಓಣಿಯವರೆಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬುಟ್ಟಿ ಎತ್ತಿಸು ಎಂದು ಕೇಳಿದರೆ ಇಲ್ಲ ಅನ್ನುವ ಜನ ಆ ಊರಲ್ಲಿ ಇರಲಿಲ್ಲ.

ಅವನು ಕೈಗಳನ್ನು ನೋಡಿದ. ಕಿರುಬೆರಳಿಲ್ಲದ ಕೈ. ಮದರಂಗಿ ಮಾಸಿದ ಕೈ. ನೂಲು ಎಳೆದೆಳೆದು ಗೆರೆ ಬಿದ್ದ ನೇಕಾರರ ಕೈ. ಮುದುಕನ ನಡುಗುವ ಕೈ. ಅಂಚು ಹಿಡಿದ ಕೂಡಲೇ ಅದರ ನಡುಕ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಹಸಿಮಣ್ಣು ತುಂಬಿದ್ದ. ಬಹಳ ಭಾರ. ಊರ ಕಡೆಯಿಂದ ಬಾಪುಗೌಡರು ಬಂದರು.

"ಗೌಡ್ರ, ಒಂಚೂರು ಎತ್ತಿಸ್ರಿ."

ಗೌಡರು ಒಂದು ಕಡೆ ಹಿಡಿದರು. ಏಳಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ದ್ಯಾಮವ್ವ ಬಂದಳು. ಗೌಡರನ್ನು ನೋಡಿದಳು. ಗೌಡರು ಬೇವಿನ ಮರವನ್ನು ನೋಡಿದರು. ಅವಳು ಹಾಗೆಯೇ ದಾಟಿ ಹೊರಟಳು.

"ಯವ್ವಾ," ಎಂದ ಮೌನೇಶ.

ದ್ಯಾಮವ್ವ ನಿಂತಳು. ಹಲ್ಲು ಕಚ್ಚಿ ತಿರುಗಿ ಬಂದು ಇನ್ನೊಂದು ಕಡೆ ಹಿಡಿದಳು. ಅವಳು ಹೊಳೆಯನ್ನು ನೋಡುತ್ತಿದ್ದಳು, ಗೌಡರು ಮರವನ್ನು ನೋಡುತ್ತಿದ್ದರು. ಬುಟ್ಟಿ ವಾಲಿತು.

"ಗೌಡ್ರ, ನಿಮ್ಮ ಕಡೆ ಇಳದೈತಿ!" ದ್ಯಾಮವ್ವ ಹೊಳೆಗೆ ಹೇಳಿದಳು.

"ನೀ ಜಗ್ಗಬ್ಯಾಡ ಮೊದಲು," ಗೌಡರು ಮರಕ್ಕೆ ಹೇಳಿದರು.

"ಇಬ್ರೂ ಕೂಡಿ ಎತ್ರಿ," ಎಂದ ನಡುವೆ ಸಿಕ್ಕ ಮೌನೇಶ.

ಇಬ್ಬರೂ ಕೂಡಿ ಎತ್ತಿದರು. ಬುಟ್ಟಿ ಅವನ ತಲೆಗೆ ಬಂತು. ಆಗ ಅವನ ಕಣ್ಣೆದುರಿಗೆ ಹಸಿರು ಬಳೆಯ ಕೈ ಇತ್ತು. ಎಣ್ಣೆ ಸಿಡಿದ ಕಲೆ. ಹೆಬ್ಬೆರಳ ಕಪ್ಪು ಉಗುರು. ಬುಟ್ಟಿ ಸರಿಯಾಗಿ ಕೂತ ಮೇಲೂ ಆ ಕೈ ಒಂದು ಕ್ಷಣ ಬಿಡಲಿಲ್ಲ.

ಈ ಕಡೆ ಕಾಲಿಡುವುದಿಲ್ಲ ಎಂದವಳು ಅವತ್ತು ಮೊದಲನೆಯ ದಿನವೇ ಬಂದು ಎತ್ತಿಸಿ ಹೋಗಿದ್ದಳು. ಬುಟ್ಟಿಯ ಕೆಳಗೆ ಅಳು ಬಂದರೆ ಒರೆಸಿಕೊಳ್ಳಲೂ ಆಗುವುದಿಲ್ಲ.

"ಎಲ್ಲಿಗೆ ಒಯ್ತಿ ಇದನ್ನ?" ಗೌಡರು ಕೇಳಿದರು.

"ಒಡ್ಡಿಗ್ರಿ."

"ಒಬ್ಬನೇ?"

"ಒಬ್ಬನೇ ಎಲ್ಲೈತ್ರಿ. ನೀವಿಬ್ರೂ ಎತ್ತಿಸಿದ್ರಲ್ಲ."

ಅವನು ನಡೆದ. ಗೌಡರೂ ದ್ಯಾಮವ್ವನೂ ದಾರಿಯಲ್ಲಿ ಉಳಿದರು. ಏನು ಮಾತಾಡಿಕೊಂಡರೋ, ತಲೆಯ ಮೇಲೆ ಭಾರ ಇದ್ದವನಿಗೆ ತಿರುಗಿ ನೋಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಖಾನಾವಳಿಯ ಬಾಗಿಲು ಮುಚ್ಚಿತ್ತು. ದ್ಯಾಮವ್ವ ಬುಟ್ಟಿ ಹಿಡಿದು ಒಡ್ಡಿನ ದಾರಿಯಲ್ಲಿದ್ದಳು. ಅವಳ ಹಿಂದೆ ಗೌಡರ ತಮ್ಮ ಹೊಸ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದ. ಅವರ ಹಿಂದೆ ಎರಡು ಓಣಿಗಳೂ ಬರುತ್ತಿದ್ದವು.

ಊರಿಂದ ಒಡ್ಡಿಗೆ ದಾರಿ ದೂರ. ಅರ್ಧಕ್ಕೆ ಕುತ್ತಿಗೆ ಸೋಲುತ್ತದೆ. ಬುಟ್ಟಿ ನೆಲಕ್ಕಿಳಿಸಿದರೆ ಮತ್ತೆ ಎತ್ತಿಸಲು ಯಾರ ಕೈಯೂ ಖಾಲಿ ಇರುವುದಿಲ್ಲ, ಎಲ್ಲರ ತಲೆಯ ಮೇಲೂ ಬುಟ್ಟಿ.

ನಡುದಾರಿಯಲ್ಲಿ ಒಂದು ಹಳೆಯ ಗೋಡೆ ಅರ್ಧ ಬಿದ್ದು ನಿಂತಿತ್ತು. ಹೆಂಗಸರು ಅದರ ಹತ್ತಿರ ಬಂದು, ಬುಟ್ಟಿಯನ್ನು ತಲೆಯಿಂದ ಹಾಗೆಯೇ ಗೋಡೆಯ ಮೇಲೆ ಸರಿಸಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ದಣಿವಾರಿದ ಮೇಲೆ ತಲೆ ಕೊಟ್ಟು ಮತ್ತೆ ತಾವೇ ಹೊತ್ತು ನಡೆಯುತ್ತಿದ್ದರು.

ಮೌನೇಶನೂ ಹಾಗೆ ಮಾಡಿದ. ಗೋಡೆ ತಲೆಮಟ್ಟಕ್ಕೆ ಸರಿಯಾಗಿತ್ತು. ಒಂದು ಹಿಡಿ ಮಣ್ಣೂ ಚೆಲ್ಲಲಿಲ್ಲ.

ಸಂಜೆ ಗುರುಗಳಿಗೆ ಹೇಳಿದ, "ಗುರುಗಳ, ಇವತ್ತ ಗೋಡಿ ಎತ್ತಿಸ್ತು."

"ಗೋಡಿ ಯಾವ ಓಣಿದು?"

ಮೌನೇಶ ನಕ್ಕ. ಆಮೇಲೆ ನಗು ನಿಂತಿತು. ಎದ್ದು ಹೋಗಿ ಮೂರ್ತಿಯ ಮುಂದೆ ನಿಂತ. ಕತ್ತಲಾಗುವ ತನಕ ಒಂದು ಮಾತೂ ಆಡಲಿಲ್ಲ. ಗುರುಗಳು ಎರಡು ಸಲ ಕತ್ತು ಚಾಚಿ ನೋಡಿದರು, ಹುಷಾರಿದ್ದಾನೋ ಇಲ್ಲವೋ ಎಂದು.

ಎರಡು ದಿನಕ್ಕೆ ಆ ಗೋಡೆಯೂ ಹೋಯಿತು. ಬಿರುಕಿಗೆ ಕಲ್ಲು ಸಾಲದೆ ಗೌಡರು ಅದನ್ನೇ ಕೆಡವಿಸಿ ಒಡ್ಡಿಗೆ ಹಾಕಿಸಿದರು. ಬಿರುಕು ಮುಕ್ಕಾಲು ತುಂಬಿತು, ಆದರೆ ನಡುದಾರಿಯಲ್ಲಿ ಜನ ಬುಟ್ಟಿ ಹೊತ್ತು ಗೋಡೆ ಇದ್ದ ಜಾಗದಲ್ಲಿ ನಿಂತು ಗೌಡರಿಗೆ ಬೈಯತೊಡಗಿದರು.

ಅವತ್ತು ಮೌನೇಶ ಗುರುಗಳ ಮುಂದೆ ಬಂದು ನಿಂತ.

"ಗುರುಗಳ, ಮೂರ್ತಿ ಒಡೀತೀನಿ."

"ಯಾರನ್ನ ಕೇಳಾಕತ್ತಿ?"

"ನಿಮ್ಮನ್ನ. ಒಡದ್ರ ಮತ್ತ ಕೂಡಾಂಗಿಲ್ಲ. ಇಷ್ಟು ದಿನದ ಕೆಲಸ ಹೋಗ್ತೈತಿ. ಚೀಲನೂ..." ಅಲ್ಲಿಗೆ ನಿಲ್ಲಿಸಿದ.

"ಉಳಿ ಕೊಡೂದಷ್ಟೇ ನನ್ನ ಕೆಲಸ," ಎಂದು ಗುರುಗಳು ಚೀಲದಿಂದ ಎಲ್ಲಕ್ಕಿಂತ ದೊಡ್ಡ ಉಳಿ ತೆಗೆದು ಕೊಟ್ಟರು.

ಮೊದಲ ಏಟಿಗೆ ಮೌನೇಶನ ಕಣ್ಣಲ್ಲಿ ನೀರು ಬಂತು. ಆ ಎದೆಯನ್ನು, ಆ ತೋಳನ್ನು ಅವನು ಪ್ರೀತಿಯಿಂದ ಕೆತ್ತಿದ್ದ. ಎರಡನೆಯ ಏಟಿಗೆ ಕಲ್ಲಿನ ಬುಟ್ಟಿ ಬಿತ್ತು, ಮೂರನೆಯದಕ್ಕೆ ಲಿಂಬೆಹಣ್ಣಿನಂಥ ತಲೆ ಉರುಳಿತು. ಅದನ್ನು ಮಣ್ಣಿನ ಬುಟ್ಟಿಗೆ ಹಾಕಿ ದಾರಿಗೆ ಒಯ್ದ.

"ಏನೋ ಇದು?" ಎತ್ತಿಸಲು ಬಂದ ದ್ಯಾಮವ್ವ ಕೇಳಿದಳು.

"ನೀವೆಲ್ಲ ಕೇಳಿದ ಮಾರಿ."

ಅವಳು ಬಗ್ಗಿ ನೋಡಿದಳು. ಹತ್ತಿರದಲ್ಲಿದ್ದ ಗೌಡರೂ ನೋಡಿದರು. ಮೂಗಿಲ್ಲ, ಮೀಸೆ ಇಲ್ಲ, ಕಿವಿಯ ಜಾಗದಲ್ಲಿ ಎರಡು ಗುಳಿ.

"ನಿಮ್ಮ ತಮ್ಮನ ಹಂಗೇ ಐತಿ ನೋಡ್ರಿ, ಗೌಡ್ರ," ಎಂದಳು ದ್ಯಾಮವ್ವ.

ಗೌಡರು ನಗು ತಡೆಯಲು ನೋಡಿದರು, ಆಗಲಿಲ್ಲ. ಕಲ್ಲಿನ ಮುಖ ಒಡ್ಡಿನೊಳಗೆ ಹೋಯಿತು. ಈಗಲೂ ಅಲ್ಲಿಯೇ ಇದೆ, ನೀರು ಹಿಡಿದುಕೊಂಡು.

ಉಳಿದ ಕಲ್ಲಿಗೆ ಮೌನೇಶ ಬೆಣೆ ಹೊಡೆದು ಉದ್ದಕ್ಕೆ ಎರಡು ಸೀಳು ಮಾಡಿದ. ಎರಡು ಕಂಬಗಳಾದವು. ಚಪ್ಪರದ ಮೂಲೆಯಲ್ಲಿದ್ದ ಒಂದು ಹಾಸುಗಲ್ಲನ್ನೂ ಆರಿಸಿಟ್ಟುಕೊಂಡ. ಆಮೇಲೆ ಬೆಳಿಗ್ಗೆ ಮಣ್ಣು ಹೊರುವುದು, ಮಧ್ಯಾಹ್ನ ಕೆತ್ತುವುದು. ಏನು ಕೆತ್ತುತ್ತಿದ್ದಾನೆಂದು ನೋಡಲು ಬಂದವರಿಗೆ, "ಬುಟ್ಟಿ ಹೊತ್ತು ಬಂದವ್ರಿಗಷ್ಟೇ ತೋರಸ್ತೀನಿ," ಎಂದ. ಹಾಗೆ ಬಂದವರಿಗೆ ಕತ್ತೆತ್ತಿ ನೋಡಲು ಆಗುತ್ತಿರಲಿಲ್ಲ.

ಗುರುಗಳೂ ನೋಡಲಿಲ್ಲ. ಬೆಳಿಗ್ಗೆ ಉಳಿ ಕೊಟ್ಟರು, ಸಂಜೆ ತೆಗೆದುಕೊಂಡರು.

ಮಳೆಗೆ ಮುಂಚೆ ಒಡ್ಡು ಮುಗಿಯಿತು. ಹಿಂದೆಯೇ ಮಳೆ ಬಂತು. ಹೊಳೆ ಕೆಂಪಾಗಿ ಏರಿ ಒಡ್ಡಿನ ಎದೆಯವರೆಗೆ ಬಂತು. ಎರಡು ಓಣಿಯವರೂ ಒಡ್ಡಿನ ಮೇಲೆ ನಿಂತು ಕಾದರು. ಬಿರುಕಿದ್ದ ಜಾಗ ಅಲುಗಲಿಲ್ಲ. ನೀರು ಬಂದ ದಾರಿ ಹಿಡಿದು ಇಳಿಯಿತು.

ನೆಲ ಒಣಗಿದ ಮೇಲೆ ಊರವರು ಬಂಡಿ ಕಟ್ಟಿ ಕಲ್ಲುಗಳನ್ನು ಒಯ್ದು ನಡುದಾರಿಯಲ್ಲಿ, ಗೋಡೆ ಇದ್ದ ಜಾಗದಲ್ಲಿಯೇ ನಿಲ್ಲಿಸಿದರು.

ಎರಡು ಕಂಬ, ಮೇಲೆ ಒಂದು ಹಾಸುಗಲ್ಲು, ತಲೆಮಟ್ಟಕ್ಕೆ. ಕಂಬಗಳ ತುಂಬ ಕೈಗಳು. ನೆಲದಿಂದ ಒಂದರ ಹಿಂದೊಂದು ಮೇಲೆದ್ದು ಹಾಸುಗಲ್ಲಿನ ಅಂಚನ್ನು ಹಿಡಿದಿದ್ದವು. ಬಳೆಯ ಕೈ, ಕಿರುಬೆರಳಿಲ್ಲದ ಕೈ, ಗೆರೆ ಬಿದ್ದ ಕೈ, ಮುದುಕನ ಕೈ. ಮುಖ ಒಂದೂ ಇರಲಿಲ್ಲ. ಹೆಸರೂ ಇರಲಿಲ್ಲ.

ಜನ ಸುತ್ತ ನೆರೆದು ನೋಡಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ಕೈ ಚಾಚಿ ಕಲ್ಲಿನ ಕೈಯ ಪಕ್ಕದಲ್ಲಿಟ್ಟು ನೋಡಿಕೊಂಡರು. ಎಲ್ಲರಿಗೂ ತಮ್ಮದು ಸಿಕ್ಕಿತು. ಒಂದೇ ಕೈಯನ್ನು ಇಬ್ಬರು ಮೂವರು ನನ್ನದು ಎಂದರು, ಯಾರೂ ಜಗಳಕ್ಕೆ ಹೋಗಲಿಲ್ಲ. ದ್ಯಾಮವ್ವ ಹೆಬ್ಬೆರಳಿನ ಉಗುರು ನೋಡಿ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳು ನಾಚಿದ್ದನ್ನು ಊರು ಮೊದಲ ಸಲ ನೋಡಿತು.

ಬಾಪುಗೌಡರು ದೊಡ್ಡದೊಂದು ಸೇವಂತಿಗೆ ಹಾರ ತರಿಸಿದ್ದರು. ಬುಟ್ಟಿ ತುಂಬ ಇತ್ತು, ಅವರೇ ತಲೆಯ ಮೇಲೆ ಹೊತ್ತು ತಂದಿದ್ದರು. ಕಲ್ಲಿನ ಸುತ್ತ ಒಮ್ಮೆ ತಿರುಗಿದರು, ಇನ್ನೊಮ್ಮೆ ತಿರುಗಿದರು.

"ಅಲ್ಲೋ ಮೌನೇಶಾ, ಹಾರ ಎಲ್ಲಿ ಹಾಕ್ಲಿ? ಇದಕ್ಕ ಕೊರಳೇ ಇಲ್ಲ!"

"ಭಾರ ಆತೇನ್ರಿ, ಗೌಡ್ರ?" ದ್ಯಾಮವ್ವ ಕೇಳಿದಳು.

"ಭಾರ ಆಗದೇ ಏನು."

"ಮತ್ತ ಇಳಸ್ರಲ್ಲ. ಅದಕ್ಕೇ ಐತಿ ಅದು."

ಗೌಡರು ಹೂವಿನ ಬುಟ್ಟಿಯನ್ನು ತಲೆಯಿಂದ ಹಾಸುಗಲ್ಲಿನ ಮೇಲೆ ಸರಿಸಿದರು. ಬೆನ್ನು ನೆಟ್ಟಗೆ ಮಾಡಿದರು. ಟವೆಲು ತೆಗೆದು ಕುತ್ತಿಗೆ ಒರೆಸಿಕೊಂಡರು.

"ಅಬ್ಬಾ," ಎಂದರು.

ಉದ್ಘಾಟನೆ ಅಷ್ಟೇ ಆಯಿತು. ಬರೆದುಕೊಂಡು ಬಂದಿದ್ದ ಭಾಷಣ ಜೇಬಿನಲ್ಲಿಯೇ ಉಳಿಯಿತು. ಎಲ್ಲರಿಗೂ ಖುಷಿಯಾಯಿತು.

ಜನ ಚದುರಿದರು. ಮೌನೇಶ ಅಲ್ಲಿಯೇ ಕೂತ. ಗುರುಗಳು ಬಂದಿರಲಿಲ್ಲ. ಬೆಳಿಗ್ಗೆಯೇ ಉಳಿಗಳನ್ನು ಕಮ್ಮಾರನ ಹತ್ತಿರ ಒಯ್ದಿದ್ದರು. ಎಂದಿನಂತೆ ಅವನು ಕೈ ಚಾಚಿದ್ದ, ಎಂದಿನಂತೆ ಅವರು ಕೊಟ್ಟಿರಲಿಲ್ಲ. ಆ ಸಲ ಕಾರಣವನ್ನೂ ಹೇಳಿರಲಿಲ್ಲ. ಒಡೆದ ಮೂರ್ತಿಯ ಸಿಟ್ಟು ಇನ್ನೂ ಇರಬಹುದೆಂದು ಅವನಿಗೆ ಅನ್ನಿಸಿತು. ಊರೆಲ್ಲ ಮೆಚ್ಚಿದ ದಿನ ಅವನಿಗೆ ಬೇಕಾಗಿದ್ದ ಒಂದು ಮಾತು ಮಾತ್ರ ಬಂದಿರಲಿಲ್ಲ.

ಹೊತ್ತು ಇಳಿಯುವಾಗ ದಾರಿಯಲ್ಲಿ ಗುರುಗಳು ಕಂಡರು. ತಲೆಯ ಮೇಲೆ ತೊಗಲಿನ ಚೀಲ. ಕುತ್ತಿಗೆ ನಡುಗುತ್ತಿತ್ತು. ಮೌನೇಶ ಓಡಿ ಹೋಗಬೇಕೆಂದು ಎದ್ದ, ಮತ್ತೆ ನಿಂತ.

ಗುರುಗಳು ಕಲ್ಲಿನ ಹತ್ತಿರ ಬಂದರು. ಮೂರ್ತಿಯನ್ನು ನೋಡಲಿಲ್ಲ. ತಲೆ ಸ್ವಲ್ಪ ಬಗ್ಗಿಸಿ ಚೀಲವನ್ನು ಹಾಸುಗಲ್ಲಿನ ಮೇಲೆ ಸರಿಸಿದರು. ಉಳಿಗಳು ಒಳಗೆ ಸಣ್ಣಗೆ ಸದ್ದು ಮಾಡಿದವು. ಕುತ್ತಿಗೆಯ ನಡುಕ ನಿಂತಿತು.

ಅವರು ಅಲ್ಲಿ ನಿಂತು ಸಾವಕಾಶ ಉಸಿರು ತೆಗೆದುಕೊಂಡರು. ಕಂಬದ ಮೇಲಿನ ಮುದುಕನ ಕೈಯ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಬರಿಗೈಯಲ್ಲಿ ಚಪ್ಪರದ ಕಡೆ ನಡೆದರು.

"ಗುರುಗಳ!" ಮೌನೇಶ ಕೂಗಿದ. "ಚೀಲ ಬಿಟ್ರಿ!"

ಗುರುಗಳು ತಿರುಗಲಿಲ್ಲ.

"ಬಿಟ್ಟಿಲ್ಲ, ಇಳಿಸೀನಿ," ಎಂದರು. "ನಿನ್ನ ತಲಿ ಮಟ್ಟಕ್ಕ ಐತಿ, ತಗೊ."